ಕಲಿತ ಕೈ, ಓದಿದ ಕಾಲು: ಚಳ್ಳಕೆರೆ–ಮೊಳಕಾಲ್ಮೂರು ಸೀಮೆಯ ವಿದ್ಯೆ ಮತ್ತು ದುಡಿಮೆ

ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯಲ್ಲಿ ಅಶೋಕನ ಬಂಡೆ ಶಾಸನವಿದೆ. ಕ್ರಿಸ್ತಪೂರ್ವ ಮೂರನೆಯ ಶತಮಾನದ ಈ ಬರಹವನ್ನು 1892ರಲ್ಲಿ ಬಿ. ಎಲ್. ರೈಸ್ ಬೆಳಕಿಗೆ ತಂದರು. ಸುವರ್ಣಗಿರಿಯಿಂದ ಇಲ್ಲಿನ ಇಸಿಲ ಪಟ್ಟಣದ ಅಧಿಕಾರಿಗಳಿಗೆ ಬಂದ ಆದೇಶ ಅದು. ತಂದೆತಾಯಿಯ ಮಾತು ಕೇಳಬೇಕು, ಶಿಷ್ಯ ಗುರುವನ್ನು ಗೌರವಿಸಬೇಕು ಎಂಬ ಬುದ್ಧಿವಾದವೂ ಅದರಲ್ಲಿದೆ. ಕೊನೆಯಲ್ಲಿ ಬರೆದವನ ಹೆಸರು: ಚಪಡ. ಶಾಸನವೆಲ್ಲ ಬ್ರಾಹ್ಮಿಯಲ್ಲಿದ್ದರೂ ತನ್ನ ಕಸುಬು ಹೇಳುವ ‘ಲಿಪಿಕಾರ’ ಎಂಬ ಪದವನ್ನು ಮಾತ್ರ ಅವನು ಖರೋಷ್ಠಿಯಲ್ಲಿ ಕೆತ್ತಿದ್ದಾನೆ. ಖರೋಷ್ಠಿ ಎಂದರೆ ತಕ್ಷಶಿಲೆ, ಪೇಶಾವರದ ಕಡೆಯ ಲಿಪಿ. ಈ ಸೀಮೆಯಲ್ಲಿ ಅಕ್ಷರದಿಂದ ಅನ್ನ ದುಡಿದವರ ಪೈಕಿ ನಮಗೆ ಹೆಸರು ತಿಳಿದಿರುವ ಮೊದಲಿಗ ಬಹುಶಃ ದೂರದ ವಾಯವ್ಯದಲ್ಲಿ ಕಲಿತು ಬಂದವನು.

ಹಾಗಂತ ಇಲ್ಲಿನವರು ವಿದ್ಯೆ ಇಲ್ಲದವರೇನೂ ಆಗಿರಲಿಲ್ಲ. 1947ರಲ್ಲಿ ಮಾರ್ಟಿಮರ್ ವೀಲರ್ ಅದೇ ಬೆಟ್ಟದ ಬುಡ ಅಗೆಸಿದಾಗ ನಯಗೊಳಿಸಿದ ಕಲ್ಲಿನ ಕೊಡಲಿ, ಕಬ್ಬಿಣದ ಸಾಮಾನು, ಹದವಾಗಿ ಸುಟ್ಟ ಮಡಕೆ ಸಿಕ್ಕವು. ಕಬ್ಬಿಣ ಕಾಯಿಸುವುದನ್ನು, ಮಣ್ಣು ಸುಡುವುದನ್ನು ಅಪ್ಪ ಮಗನಿಗೆ, ಅತ್ತೆ ಸೊಸೆಗೆ ಹೇಳಿಕೊಟ್ಟಿರಲೇಬೇಕು. ಒಂದೇ ಬೆಟ್ಟದಲ್ಲಿ ಎರಡು ವಿದ್ಯೆ: ಹೊರಗಿನಿಂದ ಬಂದ ಅಕ್ಷರದ ವಿದ್ಯೆ, ಊರಲ್ಲೇ ಹುಟ್ಟಿದ ಕೈಯ ವಿದ್ಯೆ. ಎರಡಕ್ಕೂ ಇವತ್ತಿಗೂ ಪರಸ್ಪರ ಸರಿಯಾದ ಪರಿಚಯವಿಲ್ಲ.

ವಿದ್ಯೆ ಬಂದರೆ ಊರು ಉದ್ಧಾರವಾಗುತ್ತದೆ ಎಂಬುದು ನಾವೆಲ್ಲ ಒಪ್ಪಿಕೊಂಡ ಮಾತು. ಯಾವ ವಿದ್ಯೆ, ಯಾರ ಊರು ಎಂದು ಕೇಳುವವರು ಕಡಿಮೆ. ಆ ಪ್ರಶ್ನೆಗೆ ಚಳ್ಳಕೆರೆ, ಮೊಳಕಾಲ್ಮೂರು ತಾಲ್ಲೂಕುಗಳಷ್ಟು ಒಳ್ಳೆಯ ಒರೆಗಲ್ಲು ಸಿಗುವುದು ಕಷ್ಟ. ಮಗ್ಗದ ಗುಂಡಿಯಲ್ಲಿ ಕಲಿಯುವ ಕಸುಬು, ಸರ್ಕಾರಿ ಶಾಲೆಯ ಓದು, ಐಟಿಐ, ಪದವಿ, ಕೊನೆಗೆ ದೇಶದ ಹೆಸರಾಂತ ವಿಜ್ಞಾನ ಸಂಸ್ಥೆಯ ಆವರಣ, ಎಲ್ಲವೂ ಇಲ್ಲಿ ಅಕ್ಕಪಕ್ಕದಲ್ಲಿವೆ. ಇಷ್ಟೆಲ್ಲ ಇದ್ದೂ ಬರಗಾಲ ಬಿದ್ದ ವರ್ಷ ಇಲ್ಲಿನ ಜನ ಗಂಟುಮೂಟೆ ಕಟ್ಟಿ ಗುಳೆ ಹೊರಡುತ್ತಾರೆ.

ಲೆಕ್ಕಕ್ಕೆ ಸಿಕ್ಕ ವಿದ್ಯೆ

ಓದನ್ನು ಬಂಡವಾಳವೆಂದು ಅರ್ಥಶಾಸ್ತ್ರಜ್ಞರು ಕರೆಯತೊಡಗಿದ್ದು 1960ರ ಆಸುಪಾಸಿನಲ್ಲಿ. ಥಿಯೊಡರ್ ಶುಲ್ಟ್ಜ್, ಗ್ಯಾರಿ ಬೆಕರ್ ಈ ವಿಚಾರಕ್ಕೆ ಬುನಾದಿ ಹಾಕಿದರು. ಮುಂದೆ ಇಬ್ಬರಿಗೂ ನೊಬೆಲ್ ಬಂತು. ಜಾರ್ಜ್ ಸಾಕರೊಪೌಲೊಸ್ ಹಲವು ದೇಶಗಳ ಅಂಕಿಗಳನ್ನು ಕಲೆಹಾಕಿ, ಬಡ ದೇಶಗಳಲ್ಲಿ ಪ್ರಾಥಮಿಕ ಶಾಲೆಗೆ ಹಾಕಿದ ರೂಪಾಯಿಯೇ ಹೆಚ್ಚು ಫಲ ಕೊಡುತ್ತದೆ ಎಂದರು. ಇಂಡೊನೇಷ್ಯಾ 1973ರಿಂದ 1978ರೊಳಗೆ 61,000ಕ್ಕೂ ಹೆಚ್ಚು ಪ್ರಾಥಮಿಕ ಶಾಲೆಗಳನ್ನು ಕಟ್ಟಿತು. ಶಾಲೆ ಹತ್ತಿರ ಬಂದ ಊರುಗಳ ಮಕ್ಕಳು ಹೆಚ್ಚು ಓದಿದರು, ದೊಡ್ಡವರಾದ ಮೇಲೆ ಹೆಚ್ಚು ದುಡಿದರು ಎಂದು ಎಸ್ತರ್ ಡುಫ್ಲೊ 2001ರಲ್ಲಿ ತೋರಿಸಿದರು. ಅದೇ ವರ್ಷ ಲ್ಯಾಂಟ್ ಪ್ರಿಚೆಟ್ ಅಡ್ಡಪ್ರಶ್ನೆ ಎಸೆದರು: ಇಷ್ಟೆಲ್ಲ ಓದು ಎಲ್ಲಿ ಹೋಯಿತು? ಶಾಲೆಗೆ ಹೋದ ವರ್ಷಗಳು ಏರಿದ ಎಷ್ಟೋ ದೇಶಗಳಲ್ಲಿ ಉತ್ಪತ್ತಿ ಏರಿರಲಿಲ್ಲ. ಎಷ್ಟು ವರ್ಷ ಕೂತರು ಎನ್ನುವುದಕ್ಕಿಂತ ಏನು ಕಲಿತರು ಎಂಬುದು ಮುಖ್ಯ ಎಂದು ಎರಿಕ್ ಹನುಶೆಕ್, ಲುಡ್ಗರ್ ವೋಸ್ಮನ್ ಉತ್ತರ ಹುಡುಕಿದರು. ಫಿಲಿಪ್ ಅಘಿಯೋನ್ ಮತ್ತು ಸಂಗಡಿಗರ ವಾದ ಇನ್ನೊಂದು: ತಂತ್ರಜ್ಞಾನದಲ್ಲಿ ಮುಂಚೂಣಿಯಲ್ಲಿರುವ ಜಾಗಕ್ಕೆ ಉನ್ನತ ಶಿಕ್ಷಣ ಬಲ ಕೊಡುತ್ತದೆ, ಹಿಂದೆ ಉಳಿದು ಬೇರೆಯವರನ್ನು ನೋಡಿ ಕಲಿಯಬೇಕಾದ ಜಾಗಕ್ಕೆ ಗಟ್ಟಿಯಾದ ಶಾಲೆ, ಕಸುಬಿನ ತರಬೇತಿ ಬೇಕು.

ಕರ್ನಾಟಕದಲ್ಲಿ ಈ ಚರ್ಚೆ ತಾಲ್ಲೂಕಿನ ಮಟ್ಟಕ್ಕೆ ಇಳಿದದ್ದು 2002ರ ಡಿ. ಎಂ. ನಂಜುಂಡಪ್ಪ ಸಮಿತಿಯ ವರದಿಯಿಂದ. 35 ಸೂಚಕಗಳನ್ನಿಟ್ಟುಕೊಂಡು 175 ತಾಲ್ಲೂಕುಗಳನ್ನು ತೂಗಿದ ಸಮಿತಿ, 114 ತಾಲ್ಲೂಕುಗಳು ಹಿಂದುಳಿದಿವೆ ಎಂದಿತು. ಆ ಸೂಚಕಗಳಲ್ಲಿ ಸಾಕ್ಷರತೆ ಇತ್ತು, ಶಾಲೆಯಿಂದ ಹೊರಗುಳಿದ ಮಕ್ಕಳ ಲೆಕ್ಕ ಇತ್ತು. ಅವು ಬೇಕಾದ ಲೆಕ್ಕಗಳೇ. 2011ರ ಜನಗಣತಿಯಲ್ಲಿ ರಾಜ್ಯದ ಸಾಕ್ಷರತೆ ಶೇ. 75ರ ಮೇಲಿದ್ದರೆ ಈ ಎರಡು ತಾಲ್ಲೂಕುಗಳಿರುವ ಚಿತ್ರದುರ್ಗ ಜಿಲ್ಲೆಯದು ಶೇ. 74ನ್ನೂ ಮುಟ್ಟಿರಲಿಲ್ಲ. ಆದರೆ ಈ ತಕ್ಕಡಿಗೆ ಸಿಗದ ವಿದ್ಯೆಯೂ ಉಂಟು. ಚಳ್ಳಕೆರೆ ತಾಲ್ಲೂಕಿನ ಯಲಗಟ್ಟೆ ಗೊಲ್ಲರಹಟ್ಟಿಯ ಸಿರಿಯಜ್ಜಿ ಸಾವಿರಾರು ಹಾಡುಗಳನ್ನು ನಾಲಿಗೆಯ ಮೇಲಿಟ್ಟುಕೊಂಡಿದ್ದವರು. ವಿಶ್ವವಿದ್ಯಾಲಯದವರು ಕುಳಿತು ಬರೆದುಕೊಂಡರು. ಜನಗಣತಿಯ ಪಟ್ಟಿಯಲ್ಲಿ ಆಕೆ ಅನಕ್ಷರಸ್ಥೆ. ಮೊಳಕಾಲ್ಮೂರಿನ ನೇಕಾರರ ಪಾಡೂ ಹೆಚ್ಚುಕಡಿಮೆ ಅದೇ.

ಮಗ್ಗದ ಗುಂಡಿಯಲ್ಲಿ

ಮೊಳಕಾಲ್ಮೂರು ರೇಷ್ಮೆ ಸೀರೆ ಮದುವೆ ಮನೆಗಳಿಗೆ ಹಳೆಯ ಪರಿಚಯ. ಪಟ್ಟಣದಲ್ಲೂ ಕೊಂಡ್ಲಹಳ್ಳಿ, ಕೋನಸಾಗರದಂಥ ಊರುಗಳಲ್ಲೂ ಮಗ್ಗದ ಸದ್ದು ಇದೆ. ಒಡಲಿಗೊಂದು ಬಣ್ಣ, ಅಂಚಿಗೊಂದು ಬಣ್ಣ. ಎರಡು ಬಣ್ಣದ ಎಳೆಗಳು ಕೂಡುವ ಕಡೆ ಒಂದಕ್ಕೊಂದು ತೊಡರಿಕೊಂಡು ಬರಬೇಕು, ಗಂಟು ಕಾಣಬಾರದು. ಇದಕ್ಕೆ ಒಂದಕ್ಕಿಂತ ಹೆಚ್ಚು ಲಾಳಿ ಬೇಕು. ಎಷ್ಟೋ ಸಲ ಮಗ್ಗದ ಬದಿಯಲ್ಲಿ ಇನ್ನೊಬ್ಬರು ಕೂರಬೇಕು. ಆ ಇನ್ನೊಬ್ಬರೇ ಈ ಶಾಲೆಯ ವಿದ್ಯಾರ್ಥಿ. ಪಕ್ಕದಲ್ಲಿ ಕೂತು ಲಾಳಿ ದಾಟಿಸುತ್ತಾ ಹಾಸು ಕಟ್ಟುವುದು, ಬಣ್ಣ ಕೂಡಿಸುವುದು, ಹರಿದ ಎಳೆಯನ್ನು ಬೆರಳ ತುದಿಯಲ್ಲೇ ಹುಡುಕುವುದು ಕೈಗೆ ಹತ್ತುತ್ತದೆ. ಪಠ್ಯವಿಲ್ಲ, ಪರೀಕ್ಷೆಯಿಲ್ಲ. ನೇಯ್ದ ಸೀರೆಯನ್ನು ಸಾಹುಕಾರ ಬೆಳಕಿಗೆ ಹಿಡಿದು ನೋಡುವುದೇ ಪರೀಕ್ಷೆ.

ಈ ಕಲಿಕೆಯ ಗುಣ ಏನೆಂದರೆ ಇದು ಊರು ಬಿಡುವುದಿಲ್ಲ. ಮಗ್ಗ, ಹುರಿ ಹಾಕುವವರು, ಬಣ್ಣ ಕಟ್ಟುವವರು ಎಲ್ಲ ಒಂದೇ ಕಡೆ ಇರುವುದರಿಂದ ಕಲಿತವನು ಇಲ್ಲೇ ದುಡಿಯುತ್ತಾನೆ, ದುಡಿದದ್ದು ಇಲ್ಲಿನ ಅಂಗಡಿಯಲ್ಲೇ ಖರ್ಚಾಗುತ್ತದೆ. ಮಾಡುತ್ತಾ ಮಾಡುತ್ತಾ ಕಲಿಯುವುದೂ ಬೆಳವಣಿಗೆಯ ಒಂದು ಎಂಜಿನ್ ಎಂದು ಕೆನೆತ್ ಆ್ಯರೋ 1962ರಲ್ಲಿ ಬರೆದದ್ದು ವಿಮಾನ ಕಾರ್ಖಾನೆಗಳ ಅನುಭವ ನೋಡಿ. ಅದು ಮಗ್ಗಕ್ಕೂ ಹೊಂದುತ್ತದೆ.

ದೋಷ ಇರುವುದು ಕಲಿಸದೆ ಬಿಟ್ಟ ವಿಷಯಗಳಲ್ಲಿ. ಕೂಲಿ ನೇಕಾರನಿಗೆ ರೇಷ್ಮೆ, ಜರಿ ಸಾಹುಕಾರನಿಂದ ಬರುತ್ತದೆ, ಸೀರೆ ಸಾಹುಕಾರನಿಗೇ ಹೋಗುತ್ತದೆ. ಕಚ್ಚಾ ರೇಷ್ಮೆಯ ಧಾರಣೆ, ಪೇಟೆಯ ಬಯಕೆ, ಹೊಸ ವಿನ್ಯಾಸ, ಬ್ಯಾಂಕಿನ ಸಾಲ, ಇವು ಮಗ್ಗದ ಗುಂಡಿಯಲ್ಲಿ ಕಲಿಯುವ ಪಾಠಗಳಲ್ಲ. ಮೊಳಕಾಲ್ಮೂರು ಸೀರೆಗೆ ಭೌಗೋಳಿಕ ಸೂಚಕದ ಮಾನ್ಯತೆ ಸಿಕ್ಕಿದೆ. ಅದನ್ನು ಲೇಬಲ್ ಮಾಡಿ ಬೆಲೆ ಕೇಳುವ ಜಾಣ್ಮೆ ಇಲ್ಲದಿದ್ದರೆ ಮಾನ್ಯತೆ ಗೋಡೆಯ ಮೇಲಿನ ಚೌಕಟ್ಟಾಗಿ ಉಳಿಯುತ್ತದೆ. 2019–20ರ ರಾಷ್ಟ್ರೀಯ ಕೈಮಗ್ಗ ಗಣತಿಯಲ್ಲಿ ದೇಶದ ನೇಕಾರ ಕುಟುಂಬಗಳ ಪೈಕಿ ಸುಮಾರು ಮೂರರಲ್ಲಿ ಎರಡು ಪಾಲಿನವುಗಳ ತಿಂಗಳ ಆದಾಯ 5,000 ರೂಪಾಯಿಗಿಂತ ಕಡಿಮೆ ಇತ್ತು. ಚಳ್ಳಕೆರೆ ತಾಲ್ಲೂಕಿನ ನಾಯಕನಹಟ್ಟಿಯಲ್ಲಿ ನೆಲೆಸಿದ ತಿಪ್ಪೇರುದ್ರಸ್ವಾಮಿಯ ಹೆಸರಿನಲ್ಲಿ ಈ ಸೀಮೆಯವರು ‘ಮಾಡಿದಷ್ಟು ನೀಡು ಭಿಕ್ಷೆ’ ಎನ್ನುತ್ತಾರೆ. ಮಾಡಿದಷ್ಟು ಸಿಗದ ಕಡೆ ಮಕ್ಕಳು ಅಪ್ಪನ ಕಸುಬಿಗೆ ಏಕೆ ಕೂರಬೇಕು? ನೇಕಾರರೇ ಮಕ್ಕಳನ್ನು ಮಗ್ಗದಿಂದ ಎಬ್ಬಿಸಿ ಶಾಲೆಗೆ ಕಳಿಸುತ್ತಿದ್ದಾರೆ. ಅದು ತಪ್ಪೆಂದು ಹೇಳುವ ಹಕ್ಕು ಮಗ್ಗದಲ್ಲಿ ಕೂರದ ನಮಗಿಲ್ಲ.

ಶೇಂಗಾ ಮತ್ತು ಐದನೆಯ ತರಗತಿ

ಚಳ್ಳಕೆರೆಯದು ಬೇರೆ ಕಥೆ. ಒಂದು ಕಾಲಕ್ಕೆ ಇದು ‘ಎಣ್ಣೆ ನಗರಿ’. ಬಾಂಬೆ ಬಿಟ್ಟರೆ ನಮ್ಮೂರೇ ಎಂದು ಊರಿನವರು ಹೆಮ್ಮೆಯಿಂದ ಹೇಳುತ್ತಿದ್ದರು. ಸುತ್ತಲಿನ ಮಳೆಯಾಶ್ರಿತ ಹೊಲಗಳ ಶೇಂಗಾ ಮಂಡಿಗೆ ಬರುತ್ತಿತ್ತು, ಮಿಲ್ಲುಗಳು ಹಗಲೂ ರಾತ್ರಿ ಓಡುತ್ತಿದ್ದವು. ಹಿಡಿ ಕಾಯಿ ಕೈಗೆತ್ತಿಕೊಂಡು ಕಿವಿಯ ಬಳಿ ಅಲ್ಲಾಡಿಸಿ ಬೆಲೆ ಕಟ್ಟುವ ದಲಾಲರು, ಯಂತ್ರದ ಶಬ್ದದಲ್ಲೇ ದೋಷ ಪತ್ತೆಹಚ್ಚುವ ಮೇಸ್ತ್ರಿಗಳು, ಅಂಕಿ ತಪ್ಪದೆ ಲೆಕ್ಕ ಬರೆಯುವ ಗುಮಾಸ್ತರು: ಇದೂ ಒಂದು ವಿದ್ಯಾಪೀಠವೇ. 1994ರಲ್ಲಿ ಪಾಮೋಲಿನ್ ಆಮದಿಗೆ ಬಾಗಿಲು ತೆರೆಯಿತು. ಅಗ್ಗದ ತಾಳೆ ಎಣ್ಣೆಯ ಎದುರು ಶೇಂಗಾ ಎಣ್ಣೆ ನಿಲ್ಲಲಿಲ್ಲ. ಬರಗಾಲಗಳೂ ಜೊತೆಗೂಡಿದವು. ಮಿಲ್ಲುಗಳು ಒಂದೊಂದಾಗಿ ಬಾಗಿಲು ಹಾಕಿದವು. ಜೊತೆಗೆ ಆ ಮೇಸ್ತ್ರಿಗಳ ವಿದ್ಯೆಗೂ ಬೆಲೆ ಹೋಯಿತು. ಒಂದೇ ಕಸುಬಿಗೆ ಕಟ್ಟಿಹಾಕಿದ ವಿದ್ಯೆ ಆ ಕಸುಬಿನ ಜೊತೆಗೇ ಮುಳುಗುತ್ತದೆ ಎಂಬುದು ಚಳ್ಳಕೆರೆ ಕಲಿತ ಪಾಠ.

ಹೊಲದಲ್ಲಿ ಇನ್ನೊಂದು ಪಾಠವಿದೆ. ಆಂಡ್ರ್ಯೂ ಫಾಸ್ಟರ್, ಮಾರ್ಕ್ ರೋಸೆನ್‌ಜ್ವೀಗ್ ಎಂಬ ಅರ್ಥಶಾಸ್ತ್ರಜ್ಞರು ಭಾರತದ ಹಸಿರು ಕ್ರಾಂತಿಯ ಅಂಕಿಗಳನ್ನು ನೋಡಿ 1996ರಲ್ಲಿ ಒಂದು ಮಾತು ಹೇಳಿದರು: ಹೊಸ ತಳಿ, ಹೊಸ ಗೊಬ್ಬರ ಬಂದ ಸೀಮೆಯಲ್ಲಿ ಪ್ರಾಥಮಿಕ ಶಾಲೆ ಓದಿದ ರೈತ ಓದದವನಿಗಿಂತ ಹೆಚ್ಚು ಗಳಿಸಿದ, ಹೊಸತೇನೂ ಬಾರದ ಕಡೆ ಐದನೆಯ ತರಗತಿ ಓದಿದ್ದರಿಂದ ಹೊಲದಲ್ಲಿ ಅಂಥ ಲಾಭ ಕಾಣಲಿಲ್ಲ. ಓದು ಫಲ ಕೊಡುವುದು ಆರಿಸಿಕೊಳ್ಳಲು ಏನಾದರೂ ಇದ್ದಾಗ. ಚಳ್ಳಕೆರೆಯ ಶೇಂಗಾ ಹೊಲಗಳಲ್ಲಿ ದಶಕಗಟ್ಟಲೆ ಆಳಿದ್ದು ಟಿಎಂವಿ–2. ತಮಿಳುನಾಡಿನ ತಿಂಡಿವನಂನಿಂದ 1940ರ ಸುಮಾರಿಗೆ ಬಂದ ತಳಿ ಅದು. ಅಜ್ಜ ಬಿತ್ತಿದ ಬೀಜವನ್ನೇ ಮೊಮ್ಮಗನೂ ಬಿತ್ತುವಾಗ ಮೊಮ್ಮಗನ ಓದಿಗೆ ಹೊಲದಲ್ಲಿ ಏನು ಕೆಲಸ? ಧಾರವಾಡದ ಜಿಪಿಬಿಡಿ–4, ಗಡಿಯಾಚೆಯ ಕದಿರಿ ಕೇಂದ್ರದ ಕದಿರಿ–6, ಕದಿರಿ ಲೇಪಾಕ್ಷಿಯಂಥ ತಳಿಗಳು ಬಂದ ಮೇಲೆ ರೋಗ ತಡೆಯುವ ಗುಣ, ಇಳುವರಿ, ಎಣ್ಣೆಯ ಪ್ರಮಾಣ ತಾಳೆ ನೋಡಿ ಆರಿಸುವ ಕೆಲಸ ಶುರುವಾಯಿತು. ಹಿರಿಯೂರಿನ ಬಬ್ಬೂರು ಫಾರಂನ ಕೃಷಿ ಕೇಂದ್ರದ ಮಾತು ಕೇಳಿಸಿಕೊಳ್ಳಲು, ಕರಪತ್ರ ಓದಲು, ಮೊಬೈಲಿನಲ್ಲಿ ಧಾರಣೆ ನೋಡಲು ಈಗ ಅಕ್ಷರ ಬೇಕು. ಶಾಲೆಯ ಜೊತೆಗೆ ಹೊಲಕ್ಕೂ ಹೊಸತು ಬಂದಾಗಲೇ ಶಾಲೆಯ ಖರ್ಚು ಹುಟ್ಟುತ್ತದೆ.

ಹೊರಡುವ ಬಸ್ಸು

ಪಿಯುಸಿ ಮುಗಿದ ಮೇಲೆ ವಿದ್ಯೆಗೆ ಕಾಲು ಬರುತ್ತದೆ. ಇದು ಹೊಸತಲ್ಲ. ಚಳ್ಳಕೆರೆ ತಾಲ್ಲೂಕಿನ ತಳುಕಿನಿಂದ ಹೊರಟ ಟಿ. ಎಸ್. ವೆಂಕಣ್ಣಯ್ಯ ಮೈಸೂರಿನಲ್ಲಿ ಕನ್ನಡದ ದೊಡ್ಡ ಗುರುವಾದರು. ಕುವೆಂಪು ತಮ್ಮ ಮಹಾಕಾವ್ಯವನ್ನು ಅರ್ಪಿಸಿದ್ದು ಅವರಿಗೆ. ಅದೇ ತಳುಕಿನ ತ. ರಾ. ಸುಬ್ಬರಾಯರು ಚಿತ್ರದುರ್ಗದ ಕೋಟೆಯನ್ನು ಕಾದಂಬರಿಗಳಲ್ಲಿ ಕಟ್ಟಿದರು. ಕನ್ನಡಕ್ಕೆ ಲಾಭವಾಯಿತು. ತಳುಕಿಗೆ ಉಳಿದದ್ದು ಹೆಸರು. ಇಂದು ಹಿರಿಯೂರು–ಬಳ್ಳಾರಿ ಹೆದ್ದಾರಿಯಲ್ಲಿ ಬೆಂಗಳೂರಿಗೆ ಹೋಗುವ ಎಂಜಿನಿಯರಿಂಗ್, ನರ್ಸಿಂಗ್, ಬಿ.ಕಾಂ. ಹುಡುಗ ಹುಡುಗಿಯರದೂ ಅದೇ ದಾರಿ. ಅವರ ಮನೆಗಳಿಗೆ ತಿಂಗಳ ಹಣ ಬರುತ್ತದೆ, ತಾರಸಿ ಏಳುತ್ತದೆ, ತಂಗಿಯ ಫೀಸು ಕಟ್ಟುತ್ತದೆ. ಮನೆಗಳ ಮಟ್ಟಿಗೆ ಇದು ದೊಡ್ಡ ಏರಿಕೆಯೇ. ತಾಲ್ಲೂಕಿನ ಉತ್ಪತ್ತಿಯ ಮಟ್ಟಿಗೆ ನೋಡಿದರೆ, ಇಲ್ಲಿನ ಸರ್ಕಾರಿ ಶಾಲೆ ಹತ್ತು ಹನ್ನೆರಡು ವರ್ಷ ಸಾಕಿದ ಬುದ್ಧಿ ಬೆಂಗಳೂರಿನ ಲೆಕ್ಕಕ್ಕೆ ಜಮೆಯಾಗುತ್ತದೆ.

ಹೋಗದೆ ನಿಂತವರೂ ಉಂಟು. ಚಳ್ಳಕೆರೆ ತಾಲ್ಲೂಕಿನವರೇ ಆದ ಬೆಳಗೆರೆ ಕೃಷ್ಣಶಾಸ್ತ್ರಿಗಳು ಹುಟ್ಟಿದ ಹಳ್ಳಿಯಲ್ಲೇ ನೆಲೆಸಿ ಪ್ರೌಢಶಾಲೆ ಕಟ್ಟಿದರು. ಹಳ್ಳಿಯ ಬಳಿ ಹೈಸ್ಕೂಲು ಬಂದರೆ ಮೊದಲು ಗೆಲ್ಲುವವರು ಹೆಣ್ಣುಮಕ್ಕಳು, ಹಟ್ಟಿಗಳ ಮಕ್ಕಳು. ಮ್ಯಾಸನಾಯಕರು, ಕಾಡುಗೊಲ್ಲರು ಹೆಚ್ಚಾಗಿರುವ ಈ ಸೀಮೆಯಲ್ಲಿ ಏಳನೆಯ ತರಗತಿಯ ನಂತರ ನಾಲ್ಕು ಮೈಲಿ ನಡೆಯಬೇಕೋ ಬೇಡವೋ ಎಂಬುದರ ಮೇಲೆ ಒಬ್ಬ ಹುಡುಗಿಯ ಮದುವೆಯ ವಯಸ್ಸು ನಿಂತಿರುತ್ತದೆ. ಮೊರಾರ್ಜಿ ದೇಸಾಯಿ ವಸತಿ ಶಾಲೆಗಳು ತಂದ ಬದಲಾವಣೆಯೂ ಈ ಬಗೆಯದು. ಅದರ ಲಾಭ ರೂಪಾಯಿಯಲ್ಲಿ ಕಾಣಲು ಒಂದು ತಲೆಮಾರು ಬೇಕು.

ಗಡಿಯ ಆಟ ಬೇರೆ ಇದೆ. ಮೊಳಕಾಲ್ಮೂರಿನ ಪಕ್ಕದ ಕೂಡ್ಲಿಗಿ, ಸಂಡೂರು ಕಲ್ಯಾಣ ಕರ್ನಾಟಕಕ್ಕೆ ಸೇರಿದವು. ಅಲ್ಲಿನ ಮಕ್ಕಳಿಗೆ ಸಂವಿಧಾನದ 371ಜೆ ವಿಧಿಯಡಿ ವೃತ್ತಿಶಿಕ್ಷಣದ ಸೀಟು, ಸರ್ಕಾರಿ ಕೆಲಸದಲ್ಲಿ ಮೀಸಲು ಪಾಲು. ಈಚೆ ದಡದ ಮೊಳಕಾಲ್ಮೂರಿನ ಮಗುವಿಗೆ ಅದೇ ಬಿಸಿಲು, ಅದೇ ಬರ, ಅದೇ ಮನೆಮಾತಿನ ತೆಲುಗು–ಕನ್ನಡ. ಆದರೆ ಆ ಪಾಲಿಲ್ಲ. ಪೂರ್ವಕ್ಕೆ ಆಂಧ್ರದ ರಾಯದುರ್ಗ, ಉತ್ತರಕ್ಕೆ ಬಳ್ಳಾರಿ, ಎರಡೂ ಕಡೆ ಜೀನ್ಸ್ ಹೊಲಿಗೆಯ ಘಟಕಗಳಿವೆ. ಹೊಲಿಗೆ ಯಂತ್ರ ಕಲಿತ ಕೈಗೆ ಡಿಗ್ರಿಗಿಂತ ಬೇಗ ಕೂಲಿ ಸಿಗುತ್ತದೆ. ಮಕ್ಕಳು ಯಾವ ವಿದ್ಯೆ ಆರಿಸುತ್ತಾರೆ ಎಂಬುದನ್ನು ಪಠ್ಯಕ್ರಮದಷ್ಟೇ ನಕ್ಷೆಯ ಗೆರೆಯೂ ತೀರ್ಮಾನಿಸುತ್ತದೆ.

ಕಾವಲಿಗೆ ಬಂದ ವಿಜ್ಞಾನ

ಚಳ್ಳಕೆರೆಯ ಕಾವಲುಗಳು ಮೈಸೂರು ಅರಸರ ಕಾಲದ ಬೆಣ್ಣೆ ಚಾವಡಿ ಎಂಬ ರಾಸುಗಳ ಇಲಾಖೆಯ ಹುಲ್ಲುಗಾವಲುಗಳು. ಟಿಪ್ಪು ಅದಕ್ಕೆ ಅಮೃತ ಮಹಲ್ ಎಂದು ಹೆಸರಿಟ್ಟ. ಸೇನೆಯ ಎತ್ತುಗಳು ಮೇಯುತ್ತಿದ್ದ ಈ ನೆಲದಲ್ಲಿ ಮುಂದೆ ಕಿಲಾರಿಗಳು ದೇವರೆತ್ತು ಕಾಯ್ದರು, ಕುರುಬರು ಕುರಿ ಮೇಯಿಸಿದರು. ಕುರಿಯ ಉಣ್ಣೆಯಿಂದ ಹೆಂಗಸರು ನೂಲು ತೆಗೆದರು, ಗಂಡಸರು ಹುಣಸೆ ಬೀಜದ ಗಂಜಿ ಹಾಕಿ ಕಂಬಳಿ ನೇಯ್ದರು. ಚಳ್ಳಕೆರೆಯ ಕಂಬಳಿ ಹೆಸರಾದದ್ದು ಹಾಗೆ. ಕಾವಲು, ಕುರಿ, ಕಂಬಳಿ ಮೂರೂ ಒಂದೇ ಸರಪಳಿ.

2009–10ರಿಂದೀಚೆಗೆ ಈ ಕಾವಲುಗಳಲ್ಲಿ ವಿಜ್ಞಾನ ಬಂದು ಕೂತಿತು. ಕುದಾಪುರದ ಬಳಿ ಭಾರತೀಯ ವಿಜ್ಞಾನ ಸಂಸ್ಥೆಗೆ 1,500 ಎಕರೆ, ವರವು ಕಾವಲಿನಲ್ಲಿ ಡಿಆರ್‌ಡಿಒಗೆ 4,000 ಎಕರೆಗೂ ಹೆಚ್ಚು, ಉಳ್ಳಾರ್ತಿಯ ಕಡೆ ಭಾಭಾ ಅಣು ಸಂಶೋಧನಾ ಕೇಂದ್ರಕ್ಕೆ, ಇಸ್ರೊಗೆ ಬೇರೆ. ಬೇಲಿ ಎದ್ದಾಗ ಕುರಿಗಾಹಿಗಳು ಪ್ರತಿಭಟಿಸಿದರು, ವಿಷಯ ಹಸಿರು ನ್ಯಾಯಮಂಡಳಿಗೆ ಹೋಯಿತು. 2017ರಲ್ಲಿ ವೈಮಾನಿಕ ಪರೀಕ್ಷಾ ವಲಯ ಉದ್ಘಾಟನೆಯಾಯಿತು. 2023ರ ಏಪ್ರಿಲ್ 2ರಂದು ಇಸ್ರೊದ ಮರುಬಳಕೆಯ ಉಡಾವಣಾ ವಾಹನ, ಹೆಲಿಕಾಪ್ಟರಿನಿಂದ ಬಿಡುಗಡೆಯಾಗಿ, ತಾನೇ ದಾರಿ ನೋಡಿಕೊಂಡು ಇಲ್ಲಿನ ರನ್‌ವೇ ಮೇಲೆ ಇಳಿಯಿತು. ದೇಶಕ್ಕೆ ಹೆಮ್ಮೆಯ ಗಳಿಗೆ. ಅಷ್ಟೇ ನಿಜವಾದ ಇನ್ನೊಂದು ಮಾತು: ಕಂಬಳಿಯ ವಿದ್ಯೆಗೆ ಆಸರೆಯಾಗಿದ್ದ ಹುಲ್ಲಿನ ಮೇಲೆ ಅತಿ ಎತ್ತರದ ವಿದ್ಯೆ ಕಟ್ಟಡ ಕಟ್ಟಿತು, ಮತ್ತು ಕಂಬಳಿ ನೇಯುವವನ ಮಗ ಆ ಗೇಟಿನೊಳಗೆ ವಿಜ್ಞಾನಿಯಾಗಿ ಹೋಗುವುದಕ್ಕಿಂತ ಕಾವಲುಗಾರನಾಗಿ ನಿಲ್ಲುವ ಸಂಭವವೇ ಹೆಚ್ಚು. ಅಘಿಯೋನ್ ವಾದವನ್ನು ಇಲ್ಲಿಗೆ ಹಚ್ಚಿ ನೋಡಿದರೆ ಹೊಳೆಯುವುದು ಇದು: ಮುಂಚೂಣಿಯ ವಿದ್ಯೆ ಹಿಂದುಳಿದ ನೆಲದಲ್ಲಿ ಬೇರು ಬಿಡಲು ನಡುವೆ ಮೆಟ್ಟಿಲು ಬೇಕು.

ಒಂದು ಮೆಟ್ಟಿಲನ್ನು ಭಾರತೀಯ ವಿಜ್ಞಾನ ಸಂಸ್ಥೆ ಹಾಕಿದೆ. ಕುದಾಪುರದ ಪ್ರತಿಭಾ ಅಭಿವೃದ್ಧಿ ಕೇಂದ್ರದಲ್ಲಿ ಹೈಸ್ಕೂಲು, ಪಿಯು ಕಾಲೇಜುಗಳ ವಿಜ್ಞಾನ, ಗಣಿತದ ಮೇಷ್ಟ್ರುಗಳು ತಂಗಿದ್ದು, ಕೈಯಾರೆ ಪ್ರಯೋಗ ಮಾಡಿ ಕಲಿತು ಹೋಗುತ್ತಾರೆ. ಸಾವಿರಾರು ಶಿಕ್ಷಕರು ಹೀಗೆ ಬಂದು ಹೋಗಿದ್ದಾರೆ. ಹನುಶೆಕ್ ಹೇಳುವ ‘ಏನು ಕಲಿತರು’ ಎಂಬ ಪ್ರಶ್ನೆಗೆ ಇದು ನೇರ ಉತ್ತರ. ಒಬ್ಬ ಮೇಷ್ಟ್ರು ಸುಧಾರಿಸಿದರೆ ಮೂವತ್ತು ವರ್ಷದ ತರಗತಿಗಳು ಸುಧಾರಿಸುತ್ತವೆ.

ನಡುವಿನ ಮೆಟ್ಟಿಲು

ಬೆಂಗಳೂರು ಬೆಳೆದದ್ದು ವಿಜ್ಞಾನ ಸಂಸ್ಥೆಯಿಂದ ಎಂಬ ಮಾತು ಅರ್ಧ ಮಾತ್ರ ನಿಜ. ಮೈಸೂರು ಸಂಸ್ಥಾನ ಕೊಟ್ಟ 371 ಎಕರೆಯಲ್ಲಿ 1909ರಲ್ಲಿ ಸಂಸ್ಥೆ ಹುಟ್ಟಿತು. ಆಗಿನ ಮೈಸೂರು ಮತ್ತೂ ಕೆಲವು ಕೆಲಸ ಮಾಡಿತು: 1913ರಲ್ಲಿ ಪ್ರಾಥಮಿಕ ಶಿಕ್ಷಣದ ಕಾಯಿದೆ, ಹೆಬ್ಬಾಳದಲ್ಲಿ ಕೃಷಿ ಶಾಲೆ, 1916ರಲ್ಲಿ ವಿಶ್ವವಿದ್ಯಾಲಯ, 1917ರಲ್ಲಿ ಎಂಜಿನಿಯರಿಂಗ್ ಕಾಲೇಜು. ವಿಶ್ವೇಶ್ವರಯ್ಯನವರ ದಿವಾನಗಿರಿಯ ದಿನಗಳವು. 1940ರ ದಶಕದಲ್ಲಿ ಅವರ ಆಸಕ್ತಿಯಿಂದಲೇ ಕಸುಬಿನ ತರಬೇತಿಯ ಸಂಸ್ಥೆಯೂ ಬಂತು, ಇಂದಿನ ಎಸ್. ಜೆ. ಪಾಲಿಟೆಕ್ನಿಕ್ ಅದೇ. 1940ರಲ್ಲಿ ಹಿಂದೂಸ್ತಾನ್ ವಿಮಾನ ಕಾರ್ಖಾನೆ, 1942ರಲ್ಲಿ ಸಂಸ್ಥೆಯಲ್ಲಿ ವಿಮಾನ ವಿಜ್ಞಾನದ ವಿಭಾಗ, ಆಮೇಲೆ ಇಂಡಿಯನ್ ಟೆಲಿಫೋನ್ ಇಂಡಸ್ಟ್ರೀಸ್, ಎಚ್‌ಎಂಟಿ, ಬಿಇಎಲ್. ಮೇಲೆ ವಿಜ್ಞಾನಿ, ನಡುವೆ ಡಿಪ್ಲೊಮಾದವನು, ಕೆಳಗೆ ಫಿಟ್ಟರ್. ಮೂವರೂ ಒಂದೇ ಊರಿನಲ್ಲಿ, ಒಂದೇ ಯಂತ್ರದ ಸುತ್ತ ನಿಂತದ್ದರಿಂದ ಬೆಂಗಳೂರು ಬೆಂಗಳೂರಾಯಿತು.

ಚಳ್ಳಕೆರೆಗೆ ಸಿಕ್ಕಿರುವುದು ಮೇಲಿನ ಮಹಡಿ ಮತ್ತು ನೆಲದ ಪಾಯ. ಇಲ್ಲಿನ ದುಡಿಮೆಗೆ ತಕ್ಕ ನಡುವಿನ ವಿದ್ಯೆ ಕಡಿಮೆ. ಐಟಿಐಗಳಲ್ಲಿ ಫಿಟ್ಟರ್, ಎಲೆಕ್ಟ್ರಿಷಿಯನ್ ಕಲಿಸುತ್ತಾರೆ, ಒಳ್ಳೆಯದೇ. ನೆರೆಯ ಪಾವಗಡದಲ್ಲಿ 2,050 ಮೆಗಾವ್ಯಾಟಿನ ಸೌರ ಪಾರ್ಕು, ಚಿತ್ರದುರ್ಗದ ಗುಡ್ಡಗಳ ಮೇಲೆ ಗಾಳಿಯಂತ್ರಗಳು ಇರುವಾಗ ಎಲೆಕ್ಟ್ರಿಷಿಯನ್ನಿಗೆ ಊರ ಹತ್ತಿರವೇ ಕೆಲಸ ಸಾಧ್ಯ. ಆದರೆ ಗಾಣದೆಣ್ಣೆಯನ್ನು ಶುದ್ಧವಾಗಿ ಬಾಟಲಿಗೆ ತುಂಬಿ ಹೆಸರು ಕಟ್ಟುವುದನ್ನು, ಬೀಜೋತ್ಪಾದನೆಯನ್ನು, ರೇಷ್ಮೆಯ ಬಣ್ಣ ಮತ್ತು ವಿನ್ಯಾಸವನ್ನು, ದಖನಿ ಕುರಿಯ ಉಣ್ಣೆ ವಿಂಗಡಿಸುವುದನ್ನು ಇಲ್ಲಿ ಮನಸ್ಸಿಟ್ಟು ಕಲಿಸಬೇಕು. ಕಲಿಸಲು ಮೇಷ್ಟ್ರು ಹುಡುಕಬೇಕಾಗಿಲ್ಲ. ಐವತ್ತು ವರ್ಷ ಮಗ್ಗದಲ್ಲಿ ಕೂತವರು ಊರಲ್ಲೇ ಇದ್ದಾರೆ. ಅವರಿಗೆ ಸಂಬಳ ಕೊಟ್ಟು ಕುರ್ಚಿ ಹಾಕುವ ಮನಸ್ಸು ಬೇಕು. ಅವರ ಪಕ್ಕದಲ್ಲಿ ಲೆಕ್ಕ, ಬ್ಯಾಂಕು, ಪೇಟೆ ಕಲಿಸುವ ಓದಿದ ಹುಡುಗಿಯೊಬ್ಬಳು ಕೂರಬೇಕು. 1961ರ ಅಪ್ರೆಂಟಿಸ್ ಕಾಯಿದೆ ಪುಸ್ತಕದಲ್ಲಿದೆ. ಕಾವಲಿನ ಬೇಲಿಯೊಳಗಿನ ಸಂಸ್ಥೆಗಳು ಸುತ್ತಲಿನ ಹಳ್ಳಿಗಳ ಐಟಿಐ ಮಕ್ಕಳನ್ನು ಒಳಗೆ ಕರೆದು ಕಲಿಸಿದರೆ ಕಳೆದುಕೊಂಡ ಹುಲ್ಲಿಗೆ ಒಂದಿಷ್ಟು ಬಾಡಿಗೆ ತೀರಿದಂತೆ.

ಅಷ್ಟೂ ಬಗೆಯ ವಿದ್ಯೆ ಬೇಕು, ಒಂದನ್ನು ಬಿಟ್ಟು ಒಂದಲ್ಲ. ಶಾಲೆಯ ಓದಿಲ್ಲದ ಕಸುಬು ಸಾಹುಕಾರನ ಕೈಗೆ ಸಿಗುತ್ತದೆ, ಕಸುಬಿನ ನಂಟಿಲ್ಲದ ಓದು ಬಸ್ಸು ಹತ್ತುತ್ತದೆ, ಎರಡರ ನಂಟೂ ಇಲ್ಲದ ಸಂಶೋಧನೆ ಬೇಲಿಯೊಳಗೆ ಉಳಿಯುತ್ತದೆ. ಆದ್ದರಿಂದ ಇಲ್ಲಿ ಮುಂದೆ ಯಾವ ಕಾಲೇಜಿಗೆ ಶಂಕುಸ್ಥಾಪನೆಯಾದರೂ ಸೀಟು ಎಷ್ಟು, ಕಟ್ಟಡ ಎಷ್ಟು ಅಂತಸ್ತು ಎಂಬುದರ ಜೊತೆಗೆ ಇನ್ನೊಂದು ಕಾಲಂ ಇಡಬೇಕು: ಇಲ್ಲಿ ಕಲಿತವರಲ್ಲಿ ಎಷ್ಟು ಮಂದಿ ಹತ್ತು ವರ್ಷದ ನಂತರ ಈ ತಾಲ್ಲೂಕಿನಲ್ಲೇ ದುಡಿಯುತ್ತಿದ್ದಾರೆ? ಚಪಡ ಹೊರಗೆ ಕಲಿತು ಬಂದು ಬಂಡೆಯ ಮೇಲೆ ಬರೆದ. ಅವನ ಕೈಕೆಳಗೆ ಇಸಿಲದ ಹುಡುಗನೊಬ್ಬ ಉಳಿ ಹಿಡಿದು ಕಲಿತನೋ ಇಲ್ಲವೋ ಎಂಬುದನ್ನು ಆ ಬಂಡೆ ಹೇಳುವುದಿಲ್ಲ. ಆ ಕಾಲಂ ಭರ್ತಿಯಾದರೆ ನಮ್ಮ ಕಾಲದ ಕಡತವಾದರೂ ಅದನ್ನು ಹೇಳೀತು.